ಫೋನಿಗೆ ಕೇಳಿಸದ ಮಳೆ

ನಾನು ಸುಲಭಕ್ಕೆ ಮರೆಯುವವಳಲ್ಲ. ಕ್ಷಮಿಸುವುದಂತೂ ದೂರದ ಮಾತು. ಮೂರನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಒಡೆದವಳ ಮಗಳ ಮದುವೆಗೆ ಹೋಗಿ, ಉಡುಗೊರೆ ಕೊಟ್ಟು, ಊಟ ಮಾಡದೆ ಎದ್ದು ಬಂದಿದ್ದೇನೆ. ಅವಳಿಗೆ ಕಾರಣ ಗೊತ್ತಾಗಲಿಲ್ಲ. ಗೊತ್ತಾಗಬೇಕೆಂಬ ಆಸೆಯೂ ನನಗಿರಲಿಲ್ಲ. ನನ್ನ ಲೆಕ್ಕ ಚುಕ್ತಾ ಆದರೆ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಮುಂದೆ ನಾನು ಮಾಡಿದ್ದನ್ನು ಓದಿ ಯಾರೂ ಬೆಚ್ಚಿ ಬೀಳಬಾರದು.

ಮೂರ್ನಾಡಿನ ಸುತ್ತ ನಮ್ಮ ಕಡೆ, ಬೆಳಿಗ್ಗೆ ಇಬ್ಬರು ತೋಟದವರು ಎದುರಾದರೆ ಮೊದಲು ಕೇಳುವುದು ಆರೋಗ್ಯವನ್ನಲ್ಲ. ನಿಮ್ಮಲ್ಲಿ ಎಷ್ಟು ಬಿತ್ತು ಎಂದು ಕೇಳುತ್ತಾರೆ. ಮಳೆಯನ್ನು ನಾವು ಇಂಚು ಮತ್ತು ಸೆಂಟಿನಲ್ಲಿ ಅಳೆಯುತ್ತೇವೆ, ನೂರು ಸೆಂಟಿಗೆ ಒಂದು ಇಂಚು. ಸರಕಾರ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು, ಕಾಫಿ ತೋಟ ಬದಲಾಗಿಲ್ಲ. ಪ್ರತಿ ತೋಟದ ಅಂಗಳದಲ್ಲೂ ಒಂದು ಮಳೆಮಾಪಕ ಇರುತ್ತದೆ: ತಗಡಿನ ಡಬ್ಬ, ಅದರ ಬಾಯಿಗೆ ಆಲಿಕೆ, ಒಳಗೊಂದು ಬಾಟಲಿ, ಬಾಟಲಿಯ ನೀರನ್ನು ಸುರಿದು ನೋಡಲು ಗೆರೆ ಹಾಕಿದ ಗಾಜಿನ ಲೋಟ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನೀರು ಅಳೆದು ಪುಸ್ತಕದಲ್ಲಿ ಬರೆಯಬೇಕು.

ನನ್ನ ಅಪ್ಪ ಹಾಗೆ ನಲವತ್ತೆಂಟು ವರ್ಷ ಬರೆದರು. ಜ್ವರ ಬಂದಾಗಲೂ ಕಂಬಳಿ ಹೊದ್ದು ಅಂಗಳಕ್ಕೆ ಇಳಿಯುತ್ತಿದ್ದರು. ನಾನು ಹುಟ್ಟಿದ ದಿನದ ಪುಟದಲ್ಲಿ ನನ್ನ ಸುದ್ದಿಯೇ ಇಲ್ಲ, ಎರಡು ಇಂಚು ಹದಿನಾಲ್ಕು ಸೆಂಟ್ ಎಂದಿದೆ. ಆ ಬಗ್ಗೆ ಅಪ್ಪನ ಮೇಲೂ ನನಗೆ ಸ್ವಲ್ಪ ಸಿಟ್ಟಿತ್ತು. ಆದರೆ ಆ ಪುಸ್ತಕದಲ್ಲಿ ಒಂದು ಸೆಂಟ್ ಹೆಚ್ಚು ಕಡಿಮೆ ಇದೆ ಎಂದು ಯಾರೂ ಅಂದದ್ದಿಲ್ಲ. ಮಳೆಯ ವಿಷಯದಲ್ಲಿ ಜಗಳ ಬಂದರೆ ಅಪ್ಪನ ಪುಸ್ತಕ ನೋಡೋಣ ಎನ್ನುತ್ತಿದ್ದರು, ನೋಡಿದ ಮೇಲೆ ಜಗಳ ಮುಗಿಯುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ತೋಟವೂ ಪುಸ್ತಕವೂ ನನ್ನ ಕೈಗೆ ಬಂದವು. ಎರಡು ವರ್ಷವಾಗುವಷ್ಟರಲ್ಲಿ ಡಬ್ಬ ತುಕ್ಕು ಹಿಡಿದು ಬುಡ ಕಿತ್ತುಹೋಯಿತು. ಮೂರ್ನಾಡಿನ ತಗಡು ಕೆಲಸದವನ ಹತ್ತಿರ ಹೊಸ ಡಬ್ಬ, ಹೊಸ ಆಲಿಕೆ ಮಾಡಿಸಿದೆ. ಆಲಿಕೆಯ ಬಾಯಿ ಒಂಚೂರು ಅಗಲವಾಗಿಯೇ ಇರಲಿ, ನೀರು ಹೊರಗೆ ಸಿಡಿಯಬಾರದು ಎಂದು ಹೇಳಿ ಮಾಡಿಸಿದೆ. ಯಾವ ಕೆಲಸದಲ್ಲೂ ಜಿಪುಣತನದಿಂದ ಕಡಿಮೆ ಮಾಡುವುದು ನನ್ನ ಸ್ವಭಾವವಲ್ಲ. ಗಾಜಿನ ಲೋಟ ಮಾತ್ರ ಅಪ್ಪನದೇ ಉಳಿಯಿತು. ಅದರಲ್ಲೇ ಅಳೆದೆ, ಅಪ್ಪನ ಪುಸ್ತಕದಲ್ಲೇ ಮುಂದುವರಿಸಿ ಬರೆದೆ.

ಈಗ ಶತ್ರುವಿನ ವಿಷಯಕ್ಕೆ ಬರುತ್ತೇನೆ. ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಒಂದು ತೋಡು ಹರಿಯುತ್ತದೆ, ಬೇಸಿಗೆಯಲ್ಲಿ ದಾಟಿದರೆ ಪಾದ ಮಾತ್ರ ನೆನೆಯುವಂಥದ್ದು. ಅದರಾಚೆಯ ಮನೆಯವರು ಎಲ್ಲೆಲ್ಲೋ ದೊಡ್ಡ ಕೆಲಸದಲ್ಲಿದ್ದು, ನಿವೃತ್ತರಾಗಿ ಊರಿಗೆ ಬಂದವರು. ಬಂದ ಆರೇ ತಿಂಗಳಿಗೆ ಸುತ್ತಲಿನ ಹನ್ನೆರಡು ತೋಟದವರನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದರು. ಎಲ್ಲರೂ ಎಂಟೂವರೆಯೊಳಗೆ ತಮ್ಮ ತಮ್ಮ ಮಳೆ ಕಳಿಸಬೇಕು, ಅವರು ಒಂಬತ್ತಕ್ಕೆ ಪಟ್ಟಿ ಹಾಕುತ್ತಾರೆ. ಹಳೆಯ ತೋಟವೆಂದು ಪಟ್ಟಿಯಲ್ಲಿ ನಮ್ಮದು ಮೊದಲನೆಯದು. ಗೊಬ್ಬರ ಹಾಕುವುದು, ಔಷಧಿ ಹೊಡೆಯುವುದು, ಹೂವಿಗೆ ನೀರು ಬಿಡುವುದು, ಎಲ್ಲವನ್ನೂ ಜನ ಆ ಪಟ್ಟಿ ನೋಡಿಯೇ ಮಾಡತೊಡಗಿದರು.

ಅವರದು ಮಾತ್ರ ನಮ್ಮಂಥ ತಗಡಿನ ಡಬ್ಬ ಅಲ್ಲ. ಯಾರೋ ನೆಂಟರು ಹೊರದೇಶದಿಂದ ತಂದುಕೊಟ್ಟ ವಯರಿಲ್ಲದ ಮಳೆಮಾಪಕ. ಅಂಗಳದ ಕಂಬದ ಮೇಲೆ ಬಿಳೀ ಬಟ್ಟಲು, ಹಾಲಿನಲ್ಲಿ ಅಂಗೈಯಗಲದ ಪೆಟ್ಟಿಗೆ. ಬಟ್ಟಲಿಗೆ ಮಳೆ ಬಿದ್ದರೆ ಪೆಟ್ಟಿಗೆಯಲ್ಲಿ ಅಂಕಿ ಮೂಡುತ್ತದೆ. ಎಂಟು ಗಂಟೆಗೆ ಕಾಫಿ ಕುಡಿಯುತ್ತಾ ಸೋಫಾದಿಂದ ಏಳದೆ ಓದಬಹುದು. ನಾನು ಕೊಡೆ ಹಿಡಿದು, ಜಿಗಣೆ ಕೊಡವಿಕೊಳ್ಳುತ್ತಾ ಅಳೆಯುವಾಗ ನಮ್ಮ ಅಡುಗೆಮನೆಯ ಕಿಟಕಿಗೆ ನೇರ ಎದುರಾಗಿ ಆ ಬಿಳೀ ಬಟ್ಟಲು ಕಾಣುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಹೋದ ಮಾರ್ಚಿನಲ್ಲಿ ಹೂಮಳೆ ಬಂತು. ರೋಬಸ್ಟಾ ಕಾಫಿಗೆ ಇದು ಇಡೀ ವರ್ಷದ ಬೆಳೆ ನಿರ್ಧರಿಸುವ ಮಳೆ. ಒಂದು ಇಂಚು ಬಿದ್ದರೆ ಹೂವು ಸರಿಯಾಗಿ ಬಿರಿಯುತ್ತದೆ, ಕಡಿಮೆಯಾದರೆ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಬೇಕು. ನಾನು ಒಂದು ಇಂಚು ಎರಡು ಸೆಂಟ್ ಎಂದು ಕಳಿಸಿದೆ. ತೋಡಾಚೆಯವರು ಎಂಬತ್ತನಾಲ್ಕು ಸೆಂಟ್ ಎಂದರು. ನಮ್ಮ ಕೆಳಗಿನ ತೋಟದವರು ನನ್ನ ಅಂಕಿಯನ್ನು ನಂಬಿ ಪಂಪ್ ಶುರು ಮಾಡದೆ ಕೂತರು. ಅವರ ಹೂವು ಅರ್ಧಂಬರ್ಧ ಬಿರಿದು ಒಣಗಿತು.

ಆ ವಾರವೇ ಗುಂಪಿನಲ್ಲಿ ತೋಡಾಚೆಯವರ ಸಂದೇಶ ಬಂತು. ಮೂರು ವರ್ಷದಿಂದ ತೋಡಿನ ಈಚೆ ಒಂದು ಮಳೆ, ಆಚೆ ಒಂದು ಮಳೆ ಬೀಳುತ್ತಿದೆ, ಆದ್ದರಿಂದ ಇನ್ನು ಮುಂದೆ ನಮ್ಮ ತೋಟದ ಅಂಕಿ ಪಟ್ಟಿಯಲ್ಲಿ ಬರುವುದಿಲ್ಲ ಎಂದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಒಂದು ತಿಂಗಳು ಬೈದು ಸುಮ್ಮನಾಗುತ್ತಿದ್ದೆನೇನೋ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದರು: "ಅಪ್ಪನ ಕಾಲದ ಪುಸ್ತಕವೂ ಹೀಗೇ ತುಂಬಿದ್ದೋ ಏನೋ."

ಅದರ ಮುಂದೆ ಒಂದು ನಗುವ ಮುಖ. ಎಂಟು ಜನ ಹೆಬ್ಬೆರಳು ಎತ್ತಿದರು. ಆ ಎಂಟೂ ಹೆಸರನ್ನು ಮಳೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. ನನ್ನನ್ನು ಸುಳ್ಳಿ ಎನ್ನಲಿ, ನಾನು ಬದುಕಿದ್ದೇನೆ, ತಿರುಗಿ ಬೈಯಬಲ್ಲೆ. ಅಪ್ಪನಿಗೆ ಬಾಯಿಲ್ಲ. ಅವರಿಗೆ ಇದ್ದದ್ದು ಆ ಪುಸ್ತಕ ಒಂದೇ.

ನನ್ನ ಯೋಜನೆ ನೇರವಾಗಿತ್ತು. ಅವರದೇ ಥರದ ಯಂತ್ರ ತಂದು, ಅದರ ಅಂಕಿಯನ್ನು ನನ್ನ ಫೋನಿನಲ್ಲಿ ನೇರ ಬರುವಂತೆ ಮಾಡಿ, ದಿನಾ ಬೆಳಿಗ್ಗೆ ಆ ಫೋಟೋವನ್ನು ಗುಂಪಿಗೆ ಎಸೆಯುವುದು. ಆಗ ನನ್ನ ಅಂಕಿಯೇ ಸರಿ, ಅವರದೇ ಸುಳ್ಳು ಎಂದು ಹನ್ನೆರಡೂ ತೋಟಕ್ಕೆ ತಿಳಿಯುತ್ತದೆ. ಇದಕ್ಕಾಗಿ ಕುಶಾಲನಗರಕ್ಕೆ ಹೋದೆ. ಅಲ್ಲಿ ನಾನು ವರ್ಷಗಳಿಂದ ಫೋನ್ ಕೊಳ್ಳುವ ಅಂಗಡಿಯಿದೆ. ಅಂಗಡಿಯವನು ಕೇರಳ ಗಡಿಯ ಕುಟ್ಟದ ಕಡೆಯವನು, ಮನೆಯಲ್ಲಿ ಮಲಯಾಳ ಮಾತಾಡುವವನು. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಕಾಲಕ್ಕೆ ತಕ್ಕಂತೆ ಫೋನಿಗೆ ಬಂದ.

ನನ್ನ ಹೊಸ ಫೋನನ್ನು ಅವನ ಮುಂದೆ ಇಟ್ಟು, ಇದಕ್ಕೆ ಮಳೆಮಾಪಕ ಸೇರಿಸಿಕೊಡು ಎಂದೆ. ಅವನು ನಕ್ಕ. ಈ ಫೋನಿಗೆ ಆ ಬಟ್ಟಲಿನ ಮಾತು ಕೇಳಿಸುವುದಿಲ್ಲ ಎಂದ. ನನಗೆ ರೇಗಿತು. ಊರಿನವರೆಲ್ಲ ಹೊಗಳುವ ಫೋನು, ಹಿಂದೆ ಮೂರು ಕ್ಯಾಮೆರಾ, ಆಕಾಶದ ಉಪಗ್ರಹದ ಮಾತು ಕೇಳಿ ನಾನು ಎಲ್ಲಿದ್ದೇನೆಂದು ಹೇಳುತ್ತದೆ. ತೋಟದ ಅಂಗಳದ ಬಟ್ಟಲಿನ ಮಾತು ಯಾಕೆ ಕೇಳಿಸಬಾರದು?

"ಅಕ್ಕಾ, ಫೋನಿಗೆ ಕಿವಿ ಇಲ್ಲ ಅಂತಲ್ಲ, ನಾಲ್ಕೈದು ಕಿವಿ ಉಂಟು," ಎಂದ. "ಆದ್ರೆ ಈ ಮಳೆ ಬಟ್ಲು ಕೂಗೋದು ಬೇರೆ ಸ್ವರದಲ್ಲಿ. ಆ ಸ್ವರಕ್ಕೆ ಕಿವಿ ಇಟ್ಟಿಲ್ಲ."

ಯಾಕೆ ಇಟ್ಟಿಲ್ಲ ಎಂದು ಕೇಳಿದೆ.

"ಯಾರೂ ಬೇಕು ಅಂತ ಕೇಳ್ಲಿಲ್ಲ. ಕೇಳಿದ್ದು ನೀವೊಬ್ರೇ."

ಆಮೇಲೆ ಗಿರಾಕಿಗಳಿಲ್ಲದ ಹೊತ್ತಾದ್ದರಿಂದ ಕೂರಿಸಿ ಬಿಡಿಸಿ ಹೇಳಿದ. ಟವರಿಗೆ ಒಂದು, ವೈಫೈಗೆ ಒಂದು, ಬ್ಲೂಟೂತಿಗೆ ಒಂದು, ಹೀಗೆ ಫೋನಿನೊಳಗೆ ಒಂದೊಂದು ಕೆಲಸಕ್ಕೂ ಒಂದೊಂದು ತರಂಗ, ಅದಕ್ಕೆ ತಕ್ಕ ಆಂಟೆನಾ. ಮಳೆ ಬಟ್ಟಲಿನಂಥ ಅಗ್ಗದ ಯಂತ್ರಗಳು ಇನ್ನೂ ಕೆಳಗಿನ ತರಂಗದಲ್ಲಿ ಕೂಗುತ್ತವೆ, ಅದಕ್ಕೆ ಉದ್ದನೆಯ ಆಂಟೆನಾ ಬೇಕು. ಫೋನಿನೊಳಗೆ ಒಂದು ಅಕ್ಕಿಕಾಳಿನಷ್ಟು ಜಾಗಕ್ಕೂ ಜಗಳ. ಅದೂ ಅಲ್ಲದೆ ಆ ಕೆಳಗಿನ ತರಂಗ ಒಂದು ದೇಶದಲ್ಲಿ ಒಂದು ಥರ, ಇನ್ನೊಂದು ದೇಶದಲ್ಲಿ ಇನ್ನೊಂದು. ಇಡೀ ಲೋಕಕ್ಕೆ ಒಂದೇ ಅಚ್ಚಿನಲ್ಲಿ ಫೋನ್ ತೆಗೆಯುವವರು ಅಂಥ ತಂಟೆಗೆ ಹೋಗುವುದಿಲ್ಲ. ಒಂದು ಹೊಸ ಕಿವಿ ಇಟ್ಟರೆ ಅದನ್ನು ಪ್ರತಿ ದೇಶದಲ್ಲೂ ಪರೀಕ್ಷೆ ಮಾಡಿಸಿ ಒಪ್ಪಿಗೆ ತೆಗೆದುಕೊಳ್ಳಬೇಕು. ಇಡದಿದ್ದರೆ ಯಾರೂ ಕೇಳುವುದಿಲ್ಲ.

ಕೇಳುತ್ತಾ ಕೇಳುತ್ತಾ ನನಗೆ ಹಳೆಯ ಸಿಟ್ಟುಗಳೆಲ್ಲ ನೆನಪಾದವು. ನನ್ನ ಮೊದಲಿನ ಫೋನಿನಲ್ಲಿ ಎಫ್‌ಎಂ ಬರುತ್ತಿತ್ತು, ಕಾಫಿ ಹಣ್ಣು ಪಿಕ್ಕಿಂಗ್ ಸಮಯದಲ್ಲಿ ಜೇಬಿನಲ್ಲಿಟ್ಟುಕೊಂಡು ಹಾಡು ಕೇಳುತ್ತಿದ್ದೆ. ಅದರ ನಂತರದ್ದರಲ್ಲಿ ತಲೆಯ ಮೇಲೆ ಒಂದು ಕಪ್ಪು ಕಣ್ಣಿತ್ತು, ಟಿವಿಯ ರಿಮೋಟ್ ಆಗುತ್ತಿತ್ತು. ಈಗಿನದರಲ್ಲಿ ಎರಡೂ ಇಲ್ಲ. ಕೆಲವು ಫೋನಿನ ಚಿಪ್‌ನೊಳಗೆ ರೇಡಿಯೋ ಈಗಲೂ ಇದೆಯಂತೆ. ಇಯರ್‌ಫೋನಿನ ವಯರೇ ಅದಕ್ಕೆ ಆಂಟೆನಾ ಆಗಿತ್ತು. ಆ ವಯರು ಚುಚ್ಚುವ ತೂತನ್ನೇ ಮುಚ್ಚಿದ ಮೇಲೆ ರೇಡಿಯೋ ಒಳಗೇ ಮೂಗನಾಗಿ ಕೂತಿದೆ. ಬಿಟ್ಟಿ ಹಾಡಿನಿಂದ ಯಾರಿಗೂ ಲಾಭವಿಲ್ಲವಲ್ಲ ಎಂದ ಅಂಗಡಿಯವನು. ಇದ್ದದ್ದನ್ನು ಕಿತ್ತುಕೊಂಡು ಹೊಸದೆಂದು ಮಾರುವವರ ಮೇಲೆ ನನಗೆ ಅವತ್ತಿನಿಂದ ಹುಟ್ಟಿದ ದ್ವೇಷ ಇನ್ನೂ ಇಳಿದಿಲ್ಲ. ಆದರೆ ಅವರು ನನ್ನ ಕೈಗೆ ಸಿಗುವವರಲ್ಲ. ತೋಡಾಚೆಯವರು ಸಿಗುವವರು.

ಹೊರಡುವಾಗ ಅವನು ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದ. ಯಾರೋ ತೋಟದವರು ಇಂಥದ್ದೇ ಮಳೆಮಾಪಕ ಇಟ್ಟಿದ್ದರಂತೆ, ಬಟ್ಟಲಿನ ಕಂಬವನ್ನು ಆನೆ ತುಳಿದು ಪುಡಿ ಮಾಡಿ, ಮನೆಯೊಳಗಿನ ಪೆಟ್ಟಿಗೆ ಮಾತ್ರ ಉಳಿದಿತ್ತು. ಬಟ್ಟಲು ತರಿಸಿಕೊಡುತ್ತೇನೆ, ಅಲ್ಲಿಯವರೆಗೆ ಇದನ್ನು ಇಟ್ಟುಕೊಳ್ಳಿ, ಗಡಿಯಾರವಾದರೂ ಆಗುತ್ತದೆ ಎಂದ.

ಮನೆಗೆ ತಂದು ಅಡುಗೆಮನೆಯ ಕಿಟಕಿಯ ಹಲಗೆಯ ಮೇಲಿಟ್ಟು ಎರಡು ಬ್ಯಾಟರಿ ಹಾಕಿದೆ. ಸಮಯ ತೋರಿಸಿತು. ಸ್ವಲ್ಪ ಹೊತ್ತಾದ ಮೇಲೆ ಮೂಲೆಯಲ್ಲಿ ಆಂಟೆನಾದ ಚಿತ್ರ ಮಿಣಮಿಣ ಎಂದು ಸ್ಥಿರವಾಯಿತು. ಮೂರು ದಿನದ ನಂತರ ಸಂಜೆ ಗುಡುಗು ಮಳೆ ಬಂತು. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯಲ್ಲಿ ಮಳೆಯ ಜಾಗದಲ್ಲಿ ಮೂವತ್ತೆಂಟು ಸೆಂಟ್ ಎಂದಿದೆ. ನನ್ನ ಮನೆಯಲ್ಲಿ ಬಟ್ಟಲೇ ಇಲ್ಲ. ಯಾರ ಮಳೆ ಇದು?

ಒಂಬತ್ತಕ್ಕೆ ಪಟ್ಟಿ ಬಂತು. ತೋಡಾಚೆ: ಮೂವತ್ತೆಂಟು ಸೆಂಟ್.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಫೋನುಗಳು ಒಂದನ್ನೊಂದು ಗುರುತು ಕೇಳಿ, ಒಪ್ಪಿಕೊಂಡ ಮೇಲೆಯೇ ಮಾತಾಡುತ್ತವೆ. ಈ ಅಗ್ಗದ ಬಟ್ಟಲುಗಳಿಗೆ ಆ ಮರ್ಯಾದೆಯೆಲ್ಲ ಇಲ್ಲ, ಸುಮ್ಮನೆ ಗಾಳಿಗೆ ಕೂಗುತ್ತವೆ. ಅದೇ ಜಾತಿಯ ಪೆಟ್ಟಿಗೆ ಹತ್ತಿರದಲ್ಲಿ ಎಲ್ಲಿದ್ದರೂ ಕೇಳಿಸಿಕೊಳ್ಳುತ್ತದೆ. ನಿಮ್ಮ ಪಕ್ಕದವರದ್ದನ್ನು ಹಿಡಿದಿರಬೇಕು, ಬೇಕಾದರೆ ತಪ್ಪಿಸಿ ಕೊಡುತ್ತೇನೆ ಎಂದ. ಬೇಡ ಎಂದೆ. ಹೊಸ ಬಟ್ಟಲೂ ಬೇಡ, ತರಿಸಬೇಡ ಎಂದೆ.

ಆ ದಿನ ನಾನು ಪಾಯಸ ಮಾಡಿಕೊಂಡು ತಿಂದೆ. ಶತ್ರುವಿನ ಯಂತ್ರ ಶತ್ರುವಿನ ನಿಜವನ್ನು ನನ್ನ ಅಡುಗೆಮನೆಗೆ ತಂದು ಹಾಕುತ್ತಿದೆ. ಅವರು ಅಂಕಿ ಇಳಿಸಿ ಬರೆಯುತ್ತಿದ್ದಾರೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ನನ್ನನ್ನು ಸುಳ್ಳಿ ಮಾಡಲು ಮತ್ತೇನು ದಾರಿ? ಒಂದಲ್ಲ ಒಂದು ದಿನ ಪೆಟ್ಟಿಗೆ ಒಂದು ಹೇಳುತ್ತದೆ, ಅವರು ಒಂದು ಬರೆಯುತ್ತಾರೆ. ಅಂಥ ಹತ್ತು ದಿನ ಕೂಡಿಸಿ ಗುಂಪಿನಲ್ಲಿ ಹಾಕಿದರೆ ಅವರು ಮೂರ್ನಾಡಿನ ಸಂತೆಗೆ ಮುಖ ತೋರಿಸಬಾರದು. ಪುಸ್ತಕದ ಹಿಂದಿನ ಹಾಳೆಯಲ್ಲಿ, ಆ ಎಂಟು ಹೆಸರಿನ ಕೆಳಗೆ, ಮೂರು ಕಾಲಂ ಗೀಚಿದೆ: ನನ್ನದು, ಪೆಟ್ಟಿಗೆಯದು, ಅವರು ಕಳಿಸಿದ್ದು.

ಏಪ್ರಿಲ್ ಕಳೆಯಿತು. ಮೇ ಕಳೆಯಿತು. ಮುಂಗಾರು ಹಿಡಿಯಿತು. ಕರೆಂಟ್ ಹೋಯಿತು, ಟವರ್ ಹೋಯಿತು, ನನ್ನ ಮೂರು ಕ್ಯಾಮೆರಾದ ಫೋನು ಮೂರು ದಿನ ಟಾರ್ಚ್ ಆಗಿ ಮಾತ್ರ ಕೆಲಸ ಮಾಡಿತು. ಪೆಟ್ಟಿಗೆ ಮಾತ್ರ ಎರಡು ಬ್ಯಾಟರಿಯ ಮೇಲೆ ದಿನಾ ಬೆಳಿಗ್ಗೆ ತೋಡಾಚೆಯ ಮಳೆಯನ್ನು ಹೇಳುತ್ತಲೇ ಇತ್ತು. ಅವರು ದಿನಾ ಬೆಳಿಗ್ಗೆ ಅದನ್ನೇ ಕಳಿಸುತ್ತಲೇ ಇದ್ದರು. ಎರಡು ಇಂಚು ಎಂದರೆ ಎರಡು ಇಂಚು. ಎಪ್ಪತ್ತೊಂದು ಸೆಂಟ್ ಎಂದರೆ ಎಪ್ಪತ್ತೊಂದು, ಅದನ್ನು ಎಪ್ಪತ್ತೂ ಮಾಡಲಿಲ್ಲ. ನೆಟ್‌ವರ್ಕ್ ಇಲ್ಲದ ಮೂರು ದಿನದ್ದನ್ನು ಆಮೇಲೆ ಒಟ್ಟಿಗೆ ಕಳಿಸಿದರು, ಅವೂ ಸರಿ. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಜೀವನದಲ್ಲಿ ನೋಡಿರಲಿಲ್ಲ. ನನ್ನ ಸಿಟ್ಟು ಇಮ್ಮಡಿಯಾಯಿತು. ಕೆಟ್ಟವನ ಮೇಲಿನ ಸಿಟ್ಟನ್ನು ಹೇಗಾದರೂ ತೀರಿಸಿಕೊಳ್ಳಬಹುದು, ಒಳ್ಳೆಯವನ ಮೇಲಿನದ್ದನ್ನು ಎಲ್ಲಿಗೆ ಒಯ್ಯುವುದು?

ಹಾಗಾದರೆ ಅವರ ಬಟ್ಟಲೇ ಹಾಳಾಗಿದೆ ಎಂದುಕೊಂಡೆ. ಒಂದು ಮಧ್ಯಾಹ್ನ ಕೂತು ಮೂರು ತಿಂಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಅವರದು ಐವತ್ತಾದರೆ ನನ್ನದು ಅರವತ್ತು. ಅವರದು ಒಂದು ಇಂಚಾದರೆ ನನ್ನದು ಒಂದು ಇಂಚು ಇಪ್ಪತ್ತೊಂದು. ಅವರದು ಎರಡಾದರೆ ನನ್ನದು ಎರಡು ನಲವತ್ತೆರಡರ ಆಸುಪಾಸು. ಸಣ್ಣ ಮಳೆಗೂ ದೊಡ್ಡ ಮಳೆಗೂ ಒಂದೇ ಪಾಲು ಹೆಚ್ಚು, ಒಂದು ದಿನವೂ ತಪ್ಪಿಲ್ಲ. ಅಷ್ಟು ಶಿಸ್ತಿನ ವ್ಯತ್ಯಾಸ ಮೋಡದಿಂದ ಬರುವುದಿಲ್ಲ, ಕೈತಪ್ಪಿನಿಂದಲೂ ಬರುವುದಿಲ್ಲ. ಅಳತೆಯಿಂದ ಬರುತ್ತದೆ. ಯಾರ ಅಳತೆ?

ಗಾಜಿನ ಲೋಟವನ್ನು ಬೆಳಕಿಗೆ ಹಿಡಿದೆ. ಬುಡದಲ್ಲಿ ಇರುವೆ ಸಾಲಿನಂತೆ ಸಣ್ಣ ಇಂಗ್ಲಿಷ್ ಅಕ್ಷರ ಕೊರೆದಿತ್ತು. ಚಿಕ್ಕಂದಿನಿಂದ ನೋಡುತ್ತಿದ್ದರೂ ಓದಿರಲಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ಐದು ಇಂಚಿನ ಆಲಿಕೆಗೆ ಮಾತ್ರ ಎಂದಿತ್ತು.

ಅಪ್ಪನ ಹಳೆಯ ಆಲಿಕೆ ಪಂಪ್ ಶೆಡ್ಡಿನ ಮೊಳೆಯಲ್ಲಿ ತೂಗುತ್ತಿತ್ತು, ಡೀಸೆಲ್ ಹಾಕಲು ಬಳಸುತ್ತಿದ್ದೆವು. ಅದನ್ನು ತಂದು ಅಂಗಳದ ಹೊಸ ಆಲಿಕೆಯ ಬಾಯಿಯ ಮೇಲಿಟ್ಟೆ. ಮೇಲೆ ನಿಲ್ಲಲಿಲ್ಲ, ಒಳಕ್ಕೆ ಇಳಿಯಿತು. ಸುತ್ತಲೂ ಕಿರುಬೆರಳಿನ ಅರ್ಧದಷ್ಟು ಸಂದು. ಟೇಪು ಹಿಡಿದರೆ ಹೊಸದು ಐದೂವರೆ ಇಂಚು. ಒಂಚೂರು ಅಗಲವಾಗಿಯೇ ಇರಲಿ ಎಂದು ತಗಡಿನವನಿಗೆ ಹೇಳಿದ್ದು ನಾನೇ. ದೊಡ್ಡ ಬಾಯಿಯಲ್ಲಿ ಹಿಡಿದ ಮಳೆಯನ್ನು ಸಣ್ಣ ಬಾಯಿಯ ಲೋಟದಲ್ಲಿ ಅಳೆಯುತ್ತಿದ್ದೆ, ಮೂರು ವರ್ಷದಿಂದ, ದಿನಾ, ಕೊಡೆ ಹಿಡಿದು.

ಅಂಗಳದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಳೆ ಸಣ್ಣಗೆ ಬೀಳುತ್ತಿತ್ತು, ಏಳಲಿಲ್ಲ. ಕೆಳಗಿನ ತೋಟದವರ ಒಣಗಿದ ಹೂವು ನೆನಪಾಯಿತು. ಅವರು ನನಗೆ ಒಂದು ಮಾತೂ ಆಡಿರಲಿಲ್ಲ. ಬಹಳ ನಾಚಿಕೆಯಾಯಿತು, ಅದನ್ನು ಬೇರೆ ಪದದಲ್ಲಿ ಹೇಳಲು ಬರುವುದಿಲ್ಲ. ಹಾಗೇ ಕೂತಿದ್ದಾಗ ಇನ್ನೊಂದು ಹೊಳೆಯಿತು. ತಪ್ಪಿರುವುದು ನನ್ನ ಮೂರು ವರ್ಷ. ಅಪ್ಪನ ನಲವತ್ತೆಂಟು ವರ್ಷ ಐದು ಇಂಚಿನ ಆಲಿಕೆ, ಐದು ಇಂಚಿನ ಲೋಟ. ಅವರ ಒಂದು ಸೆಂಟೂ ಅಲ್ಲಾಡುವುದಿಲ್ಲ. ಆದರೆ ಅದನ್ನು ಗುಂಪಿನ ಮುಂದೆ ಹೇಳಬೇಕಾದರೆ, ಮೊದಲು ತೋಡಾಚೆಯವರ ಎದುರು ನಾನೇ ತಲೆ ತಗ್ಗಿಸಬೇಕು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತದೆ, ಅಪ್ಪನ ಮೇಲೆ ಆ 'ಏನೋ' ಹಾಗೇ ಉಳಿಯುತ್ತದೆ.

ಎರಡು ದಿನ ಯೋಚಿಸಿದೆ. ತಲೆ ತಗ್ಗಿಸುವುದೆಂದು ತೀರ್ಮಾನವಾದ ಮೇಲೆ, ತಗ್ಗಿಸಿದ ತಲೆಯಿಂದಲೇ ಗುದ್ದುವುದು ಹೇಗೆಂದು ಇನ್ನೊಂದು ದಿನ ಯೋಚಿಸಿದೆ.

ನಾಲ್ಕನೆಯ ಬೆಳಿಗ್ಗೆ ಮಳೆ ಐದು ಗಂಟೆಗೇ ನಿಂತಿತ್ತು. ತೋಡಾಚೆಯವರು ಎಂಟಕ್ಕೆ ಮುಂಚೆ ಪೆಟ್ಟಿಗೆ ನೋಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆ ಶಿಸ್ತಿನ ಬಗ್ಗೆ ಅವರೇ ಹೇಳಿಕೊಳ್ಳುತ್ತಾರೆ. ಏಳೂಮುಕ್ಕಾಲಿಗೆ ನಾನು ಗುಂಪಿನಲ್ಲಿ ಬರೆದೆ. ಮೊದಲ ಸಾಲು ಹೀಗಿತ್ತು: "ತೋಡಾಚೆ ಇವತ್ತು ನಲವತ್ತಮೂರು ಸೆಂಟ್. ಅವರು ಇನ್ನೂ ನೋಡಿಲ್ಲ, ನೋಡಿ ಹೇಳಲಿ."

ಅದರ ಕೆಳಗೆ ಉಳಿದದ್ದು. ನನ್ನ ಆಲಿಕೆ ಐದೂವರೆ ಇಂಚು, ಲೋಟ ಐದು ಇಂಚಿನದು, ತಪ್ಪು ನನ್ನದು. ಮೂರು ವರ್ಷದ ನನ್ನ ಪ್ರತಿ ಅಂಕಿಯನ್ನೂ ತಿದ್ದಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಪುಟಗಳ ಫೋಟೋ ಇಲ್ಲಿದೆ. ಕೆಳಗಿನ ತೋಟದವರ ಹೂವು ನನ್ನಿಂದ ಹೋಯಿತು, ಅವರ ಮನೆಗೆ ಹೋಗಿ ಹೇಳುತ್ತೇನೆ. ಅಪ್ಪನ ಆಲಿಕೆಯ ಮೇಲೆ ಟೇಪು ಇಟ್ಟ ಫೋಟೋವೂ ಇದೆ, ಐದು ಇಂಚು. ನಾನು ನನ್ನ ತಪ್ಪನ್ನು ಎಲ್ಲರ ಮುಂದೆ ಒಪ್ಪಿದ್ದೇನೆ. ಅಪ್ಪನ ಪುಸ್ತಕದ ಬಗ್ಗೆ ಇದೇ ಗುಂಪಿನಲ್ಲಿ ಮಾತಾಡಿದವರು ಇದೇ ಗುಂಪಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹೆಬ್ಬೆರಳು ಎತ್ತಿದ ಎಂಟು ಜನವೂ. ಎಂಟೂ ಹೆಸರನ್ನು ಬರೆದೆ.

ಎಂಟು ಗಂಟೆ ಒಂದು ನಿಮಿಷಕ್ಕೆ ತೋಡಾಚೆಯವರ ಅಂಗಳದಲ್ಲಿ ಅವರು ಕಾಣಿಸಿಕೊಂಡರು. ಪಂಚೆ ಎತ್ತಿ ಕಟ್ಟಿ, ಬಿಳೀ ಬಟ್ಟಲಿನ ಕಂಬದ ಸುತ್ತ ಎರಡು ಸುತ್ತು ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಯಾರಾದರೂ ಕಾಫಿ ಗಿಡದ ಮರೆಯಲ್ಲಿ ಅಡಗಿದ್ದಾರೇನೋ ಎಂದು ಬಗ್ಗಿ ನೋಡಿದರು. ನಾನು ಕಿಟಕಿಯ ಹತ್ತಿರ ದೋಸೆ ಹಾಕುತ್ತಾ ಎಲ್ಲವನ್ನೂ ನೋಡಿದೆ. ಆ ದೋಸೆಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ಎಂಟು ಜನವೂ ಮಧ್ಯಾಹ್ನದೊಳಗೆ ತಪ್ಪಾಯಿತು ಎಂದರು. ತೋಡಾಚೆಯವರದು ಸಂಜೆಗೆ ಬಂತು, ಎರಡೇ ಸಾಲು. ಹಳೆಯ ಪುಸ್ತಕದ ಬಗ್ಗೆ ಬರೆದದ್ದನ್ನು ಹಿಂಪಡೆಯಲಾಗಿದೆ. ಆ ತೋಟ ನಾಳೆಯಿಂದ ಪಟ್ಟಿಯಲ್ಲಿ ಮೊದಲಿನಂತೆ. ಅಷ್ಟೇ. ಸರಕಾರಿ ಸುತ್ತೋಲೆಗೂ ಅದಕ್ಕಿಂತ ಹೆಚ್ಚು ಬೆಚ್ಚನೆಯ ಭಾಷೆ ಇರುತ್ತದೆ. ನನಗೆ ಸಾಲಲಿಲ್ಲ.

ಮುಂದಿನ ವಾರ ಅವರೇ ತೋಡು ದಾಟಿ ಬಂದರು. ಅಪ್ಪನ ನಲವತ್ತೆಂಟು ವರ್ಷದ ಅಂಕಿಯನ್ನು ಗುಂಪಿಗಾಗಿ ಕಂಪ್ಯೂಟರಿಗೆ ಏರಿಸಬೇಕು, ಪುಸ್ತಕ ಕೊಡುತ್ತೀರಾ ಎಂದು ಕೇಳಿದರು. ಪುಸ್ತಕ ಮನೆಯಿಂದ ಹೊರಗೆ ಹೋಗುವುದಿಲ್ಲ, ಬೇಕಾದರೆ ಇಲ್ಲೇ ಕೂತು ಬರೆದುಕೊಳ್ಳಿ ಎಂದೆ. ಅಡುಗೆಮನೆಯ ಮೇಜಿನ ಹತ್ತಿರ ಕೂರಿಸಿದೆ. ಕಿಟಕಿಯ ಹಲಗೆಯ ಮೇಲೆ, ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ಪೆಟ್ಟಿಗೆ ಒಂದು ಟೀ ಬಟ್ಟೆಯ ಕೆಳಗೆ ಅವರ ಅಂಗಳದ ಮಳೆಯನ್ನು ಕೇಳಿಸಿಕೊಳ್ಳುತ್ತಾ ಕೂತಿತ್ತು.

ಹದಿನಾಲ್ಕು ದಿನ ಬಂದರು. ಅಪ್ಪನ ಅಕ್ಷರದ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ನಕಲು ಮಾಡಿದರು. ನಾನು ಹುಟ್ಟಿದ ದಿನದ ಎರಡು ಇಂಚು ಹದಿನಾಲ್ಕು ಸೆಂಟನ್ನೂ ಬರೆದುಕೊಂಡರು. ಅದರಲ್ಲಿ ಏನಿದೆ ಎಂದು ನಾನು ಹೇಳಲಿಲ್ಲ. ಕೊನೆಯ ದಿನ ಪುಸ್ತಕ ಮುಚ್ಚಿ, ಅಷ್ಟು ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟರು.

"ಅವತ್ತು ನಲವತ್ತಮೂರು ಅಂತ ನಿಮ್ಗೆ ಹೇಗೆ ಗೊತ್ತಾಯ್ತು? ಫೋನಲ್ಲಿ ಬರ್ತದಾ?"

ಅವರು ಮೇಜಿನ ಮೇಲಿಟ್ಟಿದ್ದ ಫೋನನ್ನು ನೋಡಿದೆ. ನನ್ನದೇ ಕಂಪನಿಯದು, ನನ್ನದೇ ಮಾದರಿ.

"ನಿಮ್ಮ ಫೋನಲ್ಲಿ ಆ ಸೌಲಭ್ಯ ಇಲ್ಲ," ಎಂದೆ.

ಅದು ಅಪ್ಪಟ ನಿಜ. ನನ್ನದರಲ್ಲೂ ಇಲ್ಲ, ಲೋಕದ ಯಾವ ಅಂಗಡಿಯ ಫೋನಿನಲ್ಲೂ ಇಲ್ಲ, ಅದನ್ನು ಮಾತ್ರ ಹೇಳಲಿಲ್ಲ. ಅವರು ತಲೆಯಾಡಿಸಿ ಎದ್ದು ಹೋದರು. ಕಾಫಿ ಅರ್ಧ ಉಳಿದಿತ್ತು.

ಆಮೇಲಿನದ್ದನ್ನು ಅಂಗಡಿಯವನೇ ಹೇಳಬೇಕು. ತೋಡಾಚೆಯವರು ಕುಶಾಲನಗರಕ್ಕೆ ಹೋಗಿ ಒಂದು ಫೋನ್ ಬದಲಿಸಿದರು. ಎರಡು ತಿಂಗಳಲ್ಲಿ ಇನ್ನೊಂದು. ಮೊನ್ನೆ ಮೂರನೆಯದಕ್ಕೆ ಬಂದಿದ್ದರಂತೆ. ಅವರು ಇನ್ನೂ ಅಂಗಡಿಯಲ್ಲಿರುವಾಗಲೇ ಅವನು ಹಿಂದಿನ ಕೋಣೆಗೆ ಬಂದು ನನಗೆ ಫೋನ್ ಮಾಡಿದ.

"ಅಕ್ಕಾ, ಮಳೆ ಕೇಳಿಸೋ ಫೋನ್ ಬೇಕಂತೆ. ಅಂಥದ್ದು ಇಲ್ಲ ಅಂತ ಮೂರು ಸಲ ನಿಜವೇ ಹೇಳಿದೆ, ನಂಬೋದಿಲ್ಲ. ಎಂತ ಮಾಡ್ಲಿ?"

ಪುಸ್ತಕ ಮೇಜಿನ ಮೇಲೇ ಇತ್ತು. ಪುಟದಲ್ಲಿ ಅಪ್ಪನ ನೀಲಿ ಅಂಕಿ, ಅವರು ನಕಲು ಮಾಡುವಾಗ ಪಕ್ಕದಲ್ಲಿ ಹಾಕಿದ್ದ ಪೆನ್ಸಿಲಿನ ಸಣ್ಣ ಗುರುತು.

"ನಿಜ ಹೇಳಿದ್ರೂ ನಂಬದವರಿಗೆ ಏನಾಗ್ತದೆ ಅಂತ ಈಗ ಅವರಿಗೆ ಗೊತ್ತಾಗ್ಲಿ," ಎಂದೆ. "ನೀನು ಇನ್ನೂ ಒಂದು ಸಲ ನಿಜವೇ ಹೇಳು."

ಫೋನ್ ಇಟ್ಟು ಟೀ ಬಟ್ಟೆ ಎತ್ತಿ ನೋಡಿದೆ. ತೋಡಾಚೆ ಹನ್ನೆರಡು ಸೆಂಟ್. ಐದು ಇಂಚಿನ ಹೊಸ ಆಲಿಕೆ ಹಾಕಿದ ಮೇಲೆ ನನ್ನದೂ ಅಷ್ಟೇ.